ಸುಡಾನ್: ಒಲೆ ಹಚ್ಚುವವರಿಗೆ ನೆರವು ತಲುಪಲಿ

ಮಾನ್ಯರೇ,

ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆ ಆರ್‌ಎಸ್‌ಎಫ್ ನಡುವೆ 2023ರ ಏಪ್ರಿಲ್ 15ರಂದು ಭುಗಿಲೆದ್ದ ಯುದ್ಧದಲ್ಲಿ ಸಿಲುಕಿದ ಜನಸಾಮಾನ್ಯರನ್ನು ಜಗತ್ತು ಮರೆತೇಬಿಟ್ಟಿದೆ. ಒಂದು ಕೋಟಿಗೂ ಹೆಚ್ಚು ಮಂದಿ ಮನೆಮಠ ಕಳೆದುಕೊಂಡರೂ ಅದು ಒಳಪುಟದ ಸಣ್ಣ ಸುದ್ದಿಯಾಗಿಯೇ ಉಳಿದಿರುವುದು ನೋವಿನ ಸಂಗತಿ.

ಡಾರ್ಫರ್‌ನ ಎಲ್ ಫಶೇರ್ ನಗರ 2024ರ ಮೇ ತಿಂಗಳಿಂದ 2025ರ ಅಕ್ಟೋಬರ್‌ವರೆಗೆ ಮುತ್ತಿಗೆಯಲ್ಲಿತ್ತು. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ, ಅಂದರೆ ಜಾನುವಾರುಗಳಿಗೆ ಹಾಕುವ ‘ಅಂಬಾಜ್’, ಅಲ್ಲಿನ ಜನರ ಊಟವಾಯಿತು. ಕೊನೆಕೊನೆಗೆ ಅದಕ್ಕೂ ತತ್ವಾರ. ಮಕ್ಕಳಿಗೆ ಹಿಂಡಿ ಉಣಿಸಬೇಕಾದ ತಾಯಂದಿರ ಸಂಕಟ ಊಹೆಗೂ ನಿಲುಕದು.

ದೊಡ್ಡ ಸಂಸ್ಥೆಗಳ ಲಾರಿಗಳು ತಲುಪದ ಕಡೆಯೂ ಅನ್ನ ನೀಡುತ್ತಿರುವವರು ‘ತುರ್ತು ಸ್ಪಂದನಾ ಕೊಠಡಿ’ ಎಂಬ ಹೆಸರಿನ ಸ್ಥಳೀಯ ಸ್ವಯಂಸೇವಕರು. ಕೇರಿಯವರೇ ಸೇರಿ ನಡೆಸುವ ಸಾಮೂಹಿಕ ಅಡುಗೆಮನೆಗಳವು. 2025ರ ಆರಂಭದಲ್ಲಿ ಅಮೆರಿಕ ನೆರವು ತಡೆಹಿಡಿದಾಗ ಇಂಥ ನೂರಾರು ಅಡುಗೆಮನೆಗಳು ಮುಚ್ಚಿದವು.

ದಾನಿ ರಾಷ್ಟ್ರಗಳು ನೆರವಿನ ಒಂದು ಪಾಲನ್ನಾದರೂ ನೇರವಾಗಿ ಈ ತಂಡಗಳಿಗೆ ನೀಡಲಿ. ಚಾಡ್ ಗಡಿಯ ಅದ್ರೆ ಮಾರ್ಗವನ್ನು ಆಹಾರ, ಔಷಧ ಸಾಗಣೆಗೆ ಸದಾ ಮುಕ್ತವಾಗಿಡುವಂತೆ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಎರಡೂ ಪಡೆಗಳ ಮೇಲೆ ಒತ್ತಡ ಹೇರಲಿ.