ಅಳಿಯನ ತಲೆಪಟ್ಟಿಗೆ ಮಾವನ ಕಾಗದ

ಮಲ್ಪೆ, ಭಾನುವಾರ

ಪ್ರೀತಿಯ ಸುಕೇಶ,

ಮಾವನ ಆಶೀರ್ವಾದಗಳು. ಚೌತಿಗೆ ಬಂದಾಗ ನಿನ್ನ ಹಣೆಯ ಎರಡು ಬದಿಯಲ್ಲಿ ರೂಪಾಯಿ ಬಿಲ್ಲೆಯಷ್ಟಗಲ ಕೆಂಪಾಗಿತ್ತು. ಕೇಳಿದರೆ ಸೊಳ್ಳೆ ಅಂದೆ. ನಿದ್ದೆ ಬರಲಿ ಅಂತ ರಾತ್ರಿ ತಲೆಗೆ ಕರೆಂಟಿನ ಪಟ್ಟಿ ಕಟ್ಟಿಕೊಳ್ಳುತ್ತೀ ಅಂತ ಮೊನ್ನೆ ಅಕ್ಕ ಫೋನಿನಲ್ಲಿ ಹೇಳಿದಳು. ಬೈಯಲಿಕ್ಕೆ ಬರೆಯುವುದಲ್ಲ ಮಾರಾಯ. ಮೂವತ್ತು ವರ್ಷ ಐಸ್ ಪ್ಲಾಂಟಿನ ವಯರಿಂಗ್ ನೋಡಿದವನಿಗೆ ಕುತೂಹಲ ಇರುವುದಿಲ್ವಾ? ಕೂತು ಓದಿದೆ.

ಅದರಲ್ಲಿ ಹರಿಯುವುದು ಒಂದೆರಡು ಮಿಲಿಆಂಪಿಯರ್. ಅದರಲ್ಲೂ ಜಾಸ್ತಿ ಪಾಲು ಚರ್ಮ, ಬುರುಡೆ ದಾಟುವುದರೊಳಗೆ ಹೋಗುತ್ತದೆ. ಹಾಗಂತ ಪೂರಾ ಬೊಗಳೆಯೂ ಅಲ್ಲ. 2006ರಲ್ಲಿ ಜರ್ಮನಿಯಲ್ಲಿ ಆರೋಗ್ಯವಾಗಿದ್ದವರಿಗೆ, ಮಲಗಿದ ಮೇಲೆ, ಗಾಢ ನಿದ್ದೆಯಲ್ಲಿ ಮಿದುಳಿನಲ್ಲಿ ಏಳುವ ಅಲೆಯದ್ದೇ ಲಯದಲ್ಲಿ, ಅಂದರೆ ಸೆಕೆಂಡಿಗೆ ಮುಕ್ಕಾಲು ಸಲದಂತೆ, 0.75 ಹರ್ಟ್ಸ್‌ನಲ್ಲಿ ಕರೆಂಟು ಕೊಟ್ಟರು. ಅಲೆ ಬಲವಾಯಿತು. ಮಲಗುವ ಮುಂಚೆ ಕಲಿತ ಪದಗಳು ಬೆಳಿಗ್ಗೆ ಚೆನ್ನಾಗಿ ನೆನಪಿದ್ದವು. ಆಮೇಲೆ ಮಾಡಿ ನೋಡಿದವರಲ್ಲಿ ಕೆಲವರಿಗೆ ಹಾಗೆ ಸಿಗಲಿಲ್ಲ.

2016ರದ್ದು ಕೇಳು. ಜರ್ಮನಿಯಲ್ಲೇ, ಮಲಗುವ ಮುಂಚೆ ಹಣೆಯ ಎರಡೂ ಬದಿಗೆ ಕರೆಂಟು ಕೊಟ್ಟು ನೋಡಿದರು. ನಿದ್ದೆ ಸುಮಾರು 25 ನಿಮಿಷ ಕಡಿಮೆಯಾಯಿತು! ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದರೆ ಹೆಚ್ಚಾಗಬೇಕಿತ್ತು, ಅಲ್ವಾ? ಆಗಲಿಲ್ಲ. ನಮ್ಮ ಕಂಪ್ರೆಸರ್ ಮೋಟರಿಗೆ ಎರಡು ಫೇಸ್ ಬದಲಿಸಿದರೆ ಸುಮ್ನೆ ಉಲ್ಟಾ ತಿರುಗುತ್ತಿತ್ತು. ಮಿದುಳು ಅಂಥ ಮೋಟರಲ್ಲ. ನಿನ್ನ ಪಟ್ಟಿ ಎತ್ತ ತಿರುಗಿಸುತ್ತಿದೆ ಅಂತ ನಿನಗೆ ಹೇಗೆ ಗೊತ್ತು?

ರಾತ್ರಿ ಪಾಳಿಯಲ್ಲಿ ನನ್ನ ನಿದ್ದೆಯೂ ಕೆಟ್ಟಿತ್ತು. ಬೆಳಿಗ್ಗೆ ಬಂದು ಕಿಟಕಿಗೆ ಗೋಣಿ ಕಟ್ಟಿ ಮಲಗುತ್ತಿದ್ದೆ. ಹನ್ನೊಂದಕ್ಕೆ ನಿನ್ನ ಅತ್ತೆ ಬಂಗುಡೆ ಕಾಯಿಸಿದರೆ ಮುಗಿಯಿತು, ಆ ಪರಿಮಳಕ್ಕೆ ಯಾವ ಗೋಣಿಯೂ ಅಡ್ಡ ಬರುವುದಿಲ್ಲ. ನಿನ್ನದಾದರೂ ಎಂತ? ಅಮೆರಿಕದವರ ಕಾಲ್ ಮುಗಿಯುವಾಗ ಹನ್ನೆರಡು. ಆಮೇಲೆ ಕಾಫಿ, ಆಮೇಲೆ ಮೊಬೈಲು. ಮೊದಲು ಆ ಕಾಫಿ ಬಿಡು. ಕಾಲ್ ಎಷ್ಟಕ್ಕೇ ಮುಗಿಯಲಿ, ಏಳುವ ಹೊತ್ತು ಒಂದೇ ಇರಲಿ.

ಪಟ್ಟಿ ಕೆಲಸ ಮಾಡುವುದಿಲ್ಲ ಅಂತ ಕರೆಂಟು ಮಾತ್ರ ಏರಿಸಬೇಡ. ಪಟ್ಟಿಯೊಳಗಿನ ಒದ್ದೆ ಸ್ಪಾಂಜು ಒಣಗಿದರೆ ಚರ್ಮ ಸುಡುತ್ತದೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸು. ಮಲಗುವ ಅಭ್ಯಾಸ, ತಲೆಯಲ್ಲಿ ಕೊರೆಯುವ ಯೋಚನೆ ಎರಡನ್ನೂ ತಿದ್ದುವ ಚಿಕಿತ್ಸೆ ಉಂಟು. ಮಾತ್ರೆಗಿಂತ ಮೊದಲು ಅದನ್ನೇ ಹೇಳುತ್ತಾರೆ.

ಶನಿವಾರ ಬಾ. ಪಟ್ಟಿಯನ್ನೂ ತಾ, ನನಗೆ ಅದನ್ನೊಮ್ಮೆ ಬಿಚ್ಚಿ ನೋಡಬೇಕು.

ನಿನ್ನ
ಮಾವ