ವದಂತಿ ತಾನಾಗಿ ಹಬ್ಬುತ್ತದೆಯೇ?

ಮಾನ್ಯ ಸಂಪಾದಕರೇ,

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಇಂಥ ಸುದ್ದಿ ಬಂದಾಗಲೆಲ್ಲ ನಾವು 'ವದಂತಿ ಹಬ್ಬಿತ್ತು' ಎನ್ನುತ್ತೇವೆ. ಬಳ್ಳಿ ಹಬ್ಬುತ್ತದೆ, ನಿಜ. ಸುಳ್ಳು ತಾನಾಗಿ ಹಬ್ಬುವುದಿಲ್ಲ, ಅಲ್ವಾ? ಯಾರೋ ಹಬ್ಬಿಸುತ್ತಾರೆ. ಒಂದು 'ಇಸು' ಸೇರಿದರೆ ಸಾಕು, ಅದರ ಹಿಂದೆ ಮನುಷ್ಯರಿದ್ದಾರೆ ಎಂಬುದು ಗೊತ್ತಾಗುತ್ತದೆ.

'ವದಂತಿ' ಪದವೂ ಹಾಗೆಯೇ. ಸಂಸ್ಕೃತದಲ್ಲಿ ಅದಕ್ಕೆ 'ಹೇಳುತ್ತಾರೆ' ಎಂದರ್ಥ. ಯಾರು ಹೇಳುತ್ತಾರೆ ಎಂಬುದು ಅಲ್ಲೂ ಇಲ್ಲ. ನಮ್ಮ 'ಗಾಳಿಸುದ್ದಿ'ಯಂತೂ ತಪ್ಪನ್ನೆಲ್ಲ ಗಾಳಿಯ ಮೇಲೇ ಹೊರಿಸಿಬಿಡುತ್ತದೆ. ಆದರೆ 'ಸಾರು' ಎಂಬ ಹಳೆಯ ಪದ ನೋಡಿ. ಡಂಗುರ ಸಾರುವವನು ಊರ ನಡುವೆ ನಿಂತು, ಯಾರ ಅಪ್ಪಣೆ ಎಂದು ಹೇಳಿಯೇ ಸಾರುತ್ತಿದ್ದ. ಮಾತಿಗೊಂದು ಮುಖ ಇತ್ತು. ನನಗೆ ಆ ಪದ ತುಂಬಾ ಇಷ್ಟ.

ಈಗ 'ನಾನು ಸುಮ್ನೆ ಫಾರ್ವರ್ಡ್ ಮಾಡಿದೆ ಅಷ್ಟೇ' ಎಂದು ಜಾರಿಕೊಳ್ಳುತ್ತೇವೆ. ಅದೇ 2018ರಲ್ಲಿ ವಾಟ್ಸ್‌ಆ್ಯಪ್, ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗಿಂತ ಜಾಸ್ತಿ ಫಾರ್ವರ್ಡ್ ಮಾಡದಂತೆ ಮಿತಿ ತಂದಿತು. ಕಳಿಸುವುದೂ ಹರಡುವುದೇ ಅಲ್ಲದಿದ್ದರೆ ಆ ಮಿತಿ ಯಾಕೆ ಬೇಕಿತ್ತು?

ದಯವಿಟ್ಟು ನಿಮ್ಮ ವರದಿಗಳಲ್ಲಿ 'ಹಬ್ಬಿತ್ತು' ಬದಲು 'ಹಬ್ಬಿಸಿದರು' ಎಂದು ಬರೆಯಿರಿ. ಯಾರೆಂದು ಗೊತ್ತಿಲ್ಲದಿದ್ದರೆ 'ಯಾರೋ ಹಬ್ಬಿಸಿದರು' ಎಂದಾದರೂ ಇರಲಿ.

– ನಿಮ್ಮ ಓದುಗ, ಕಲಬುರಗಿ