ಬೈಪಾಸ್ ಆಗಿದ್ದು ಹೃದಯಕ್ಕಲ್ಲ

ಆಪರೇಷನ್ ಆಗಿ ಮೊನ್ನೆಗೆ ಒಂದು ವರ್ಷವಾಯಿತು. ಆಗ ಎಲ್ಲರಿಗೂ 'ಬೈಪಾಸ್' ಎಂದಷ್ಟೇ ಹೇಳಿದ್ದೆ. ಸುಳ್ಳೇನಲ್ಲ. ಆದರೆ ಬೈಪಾಸ್ ಆಗಿದ್ದು ಶಿಶ್ನದ ರಕ್ತನಾಳಕ್ಕೆ. ವರ್ಷವಿಡೀ ನನ್ನ ಎದೆಯ ಬಗ್ಗೆ ವಿಚಾರಿಸಿಕೊಂಡವರಿಗೆ ಈಗಲಾದರೂ ನಿಜ ಹೇಳಬೇಕು, ಅಲ್ವಾ?

28ನೇ ವಯಸ್ಸಿನಲ್ಲಿ ಸೈಕಲ್ ಜಾರಿ, ನಡುವಿನ ಕಂಬಿಯ ಮೇಲೆ ಕಾಲು ಅಗಲಿಸಿ ಬಿದ್ದಿದ್ದೆ. ನೋವು ವಾರದಲ್ಲಿ ಹೋಯಿತು. ನಿಮಿರುವುದೂ ಅದರ ಜೊತೆಗೇ ಹೋಗಿದೆ ಎಂದು ಹೊಳೆಯಲೇ ಇಲ್ಲ. ನಾಲ್ಕು ವರ್ಷ ಟೆನ್ಷನ್ ಅಂದುಕೊಂಡೆ. ಯಾರನ್ನೂ ಕೇಳದೆ ಮಾತ್ರೆ ನುಂಗಿದೆ. ಹೆಂಡತಿಯ ಮೇಲೆ ಸುಮ್ನೆ ರೇಗಿದೆ.

ಮೊದಲ ನಮಸ್ಕಾರ ನನ್ನ ಯುರಾಲಜಿಸ್ಟ್‌ಗೆ. "ಬೆಳಗ್ಗೆ ಏಳುವಾಗ ಗಟ್ಟಿಯಾಗಿರುತ್ತಾ? ಯಾವಾಗಾದ್ರೂ ಬಿದ್ದು ಅಲ್ಲಿ ಪೆಟ್ಟಾಗಿತ್ತಾ?" ಜ್ವರದ ಬಗ್ಗೆ ಕೇಳಿದಷ್ಟೇ ಸಲೀಸಾಗಿ ಕೇಳಿದರು. ಆ ಕಂಬಿ ನೆನಪಾಗಿದ್ದು ಆಗಲೇ. ಇಂಜೆಕ್ಷನ್ ಕೊಟ್ಟು ಡಾಪ್ಲರ್ ಸ್ಕ್ಯಾನ್ ಮಾಡಿದಾಗ ರಕ್ತದ ವೇಗ ಸೆಕೆಂಡಿಗೆ 18 ಸೆಂಟಿಮೀಟರ್. 25ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ರಕ್ತ ತರುವ ನಾಳದಲ್ಲೇ ತೊಂದರೆಯಂತೆ. ಆಂಜಿಯೋಗ್ರಾಂನಲ್ಲಿ ಅಡಚಣೆ ಕಂಡಿತು. ಹೃದಯವನ್ನೂ ಪರೀಕ್ಷೆ ಮಾಡಿಸಿದರು; ಶಿಶ್ನದ ನಾಳ ಹೃದಯದ ನಾಳಕ್ಕಿಂತ ಸಣ್ಣದು, ಕೊಬ್ಬು ಕಟ್ಟುವ ಕಾಯಿಲೆಯಿದ್ದರೆ ಅದರ ಸುಳಿವು ಅಲ್ಲೇ ಮೊದಲು ಸಿಗಬಹುದು.

ಆದರೂ ಅವರು ಅವಸರ ಮಾಡಲಿಲ್ಲ. ಈ ಆಪರೇಷನ್ ಕೆಲವರಿಗಷ್ಟೇ ಎಂದರು. ಸಣ್ಣ ವಯಸ್ಸಿರಬೇಕು, ಪೆಟ್ಟಿನಿಂದ ಒಂದೇ ಕಡೆ ಕಟ್ಟಿಕೊಂಡಿರಬೇಕು, ರಕ್ತ ಹೊರಗೊಯ್ಯುವ ನಾಳದಲ್ಲಿ ಸೋರಿಕೆ ಇರಬಾರದು. ಸಕ್ಕರೆ ಕಾಯಿಲೆ, ಸಿಗರೇಟಿನಿಂದ ನಾಳಗಳೆಲ್ಲ ಕೆಟ್ಟಿದ್ದರೆ ಬೈಪಾಸ್ ಮಾಡಿ ಪ್ರಯೋಜನವಿಲ್ಲ. ಫಲ ಸಿಗದಿದ್ದರೆ ಶಿಶ್ನದೊಳಗೆ ಕೂರಿಸಿ ಗಟ್ಟಿಯಾಗಿಸುವ ಇಂಪ್ಲಾಂಟ್ ಇದೆ ಎಂದೂ ಹೇಳಿದರು. ಬಣ್ಣ ಹಚ್ಚದ ಆ ಮಾತೇ ನನಗೆ ಧೈರ್ಯ ಕೊಟ್ಟಿತು.

ಹೊಟ್ಟೆಯ ಕೆಳಭಾಗದ ನಾಳವೊಂದನ್ನು ಬಿಡಿಸಿ ತಂದು, ಮೈಕ್ರೋಸ್ಕೋಪ್‌ನಡಿ, ಕೂದಲಿಗಿಂತ ತೆಳುವಾದ ದಾರದಲ್ಲಿ ಶಿಶ್ನದ ನಾಳಕ್ಕೆ ಹೊಲಿದರು. ಅಷ್ಟು ಹೊತ್ತು ಕೈ ನಡುಗದೆ ಕೂತ ತಂಡಕ್ಕೆ ಏನು ಹೇಳಲಿ? ಕೆಥೆಟರ್ ತೆಗೆಯುವಾಗ ನಾಚಿಕೆಯಿಂದ ಸಾಯುತ್ತಿದ್ದ ನನ್ನ ಹತ್ತಿರ ಕ್ರಿಕೆಟ್ ಸ್ಕೋರ್ ಕೇಳಿದ ನರ್ಸ್ ಅಣ್ಣನಿಗೂ ಥ್ಯಾಂಕ್ಸ್.

ಈಗ ಹೆಚ್ಚಾಗಿ ಮಾತ್ರೆ ಬೇಕಾಗುವುದಿಲ್ಲ. ಒಮ್ಮೊಮ್ಮೆ ಬೇಕು, ಇರಲಿ.

ಆರು ವಾರ ದೂರ ಇರಿ ಎಂದು ಡಾಕ್ಟರ್ ಹೇಳಿದಾಗ ನನ್ನಾಕೆ ನಕ್ಕಿದ್ದಳು: "ನಾಲ್ಕು ವರ್ಷ ಆಯ್ತು, ಇದ್ಯಾವ ಲೆಕ್ಕ?" ಈ ಬರಹವನ್ನೂ ಮೊದಲು ಓದಿ "ಹಾಕಿ" ಎಂದವಳು ಅವಳೇ.

ಮೆಟ್ಟಿಲು ಹತ್ತಬೇಡಪ್ಪಾ ಎಂದು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ ಚಿಕ್ಕಮ್ಮ, ಕ್ಷಮಿಸಿ. ಎದೆ ಚೆನ್ನಾಗಿದೆ. ಮೆಟ್ಟಿಲು ದಿನಾ ಹತ್ತುತ್ತಿದ್ದೇನೆ.